ಮಾಪುಂಗುಬ್ವೆಯ ಮೊಳೆ, ಖಾನಾಪುರದ ಕೈ

ಬೆಳಗಿನ ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ ಅವಧೂತ ಪೋತದಾರರು ಘೇಂಡಾಮೃಗದ ಹಿಂಗಾಲಿಗೆ ಹದಿನೇಳನೆಯ ಮೊಳೆ ಹೊಡೆಯುತ್ತಿದ್ದರು. ಅಕ್ಕಿಕಾಳಿನ ಅರ್ಧದಷ್ಟು ಉದ್ದದ ಮೊಳೆ. ಚಿಮಟದಲ್ಲಿ ಅದನ್ನು ಹಿಡಿದು, ತಗಡಿನ ಅಂಚಿನ ತೂತಿನ ಮೇಲೆ ನೆಟ್ಟಗೆ ನಿಲ್ಲಿಸಿ, ಸಣ್ಣ ಸುತ್ತಿಗೆಯಿಂದ ಎರಡು ಪೆಟ್ಟು ಕೊಡಬೇಕು. ಮೂರನೆಯ ಪೆಟ್ಟು ಬಿದ್ದರೆ ತಗಡು ಸುಕ್ಕುಗಟ್ಟುತ್ತದೆ. ಘೇಂಡಾಮೃಗ ಒಂದು ಗೇಣಿಗಿಂತ ಚಿಕ್ಕದು. ಒಳಗೆ ಕಟ್ಟಿಗೆ, ಮೇಲೆ ಚಿನ್ನದ ನೀರು ಕೊಟ್ಟ ಬೆಳ್ಳಿ ತಗಡು, ಮೂತಿಯ ಮೇಲೆ ಒಂದು ಕೊಂಬು, ಹಿಂದೆ ಪುಟ್ಟ ಬಾಲ.

ಎದುರಿನ ಬಾಕಿನ ಮೇಲೆ ಗರ್ಲಗುಂಜಿಯ ಭರಮವ್ವ ಕುಳಿತಿದ್ದಳು. ಕೊರಳ ಸರ ಬೋರಮಾಳದ ಕೊಂಡಿ ಕಿತ್ತುಹೋಗಿತ್ತು, ಕೂಡಿಸಿಕೊಂಡು ಹೋಗಲು ಬಂದವಳು. ಅರ್ಧ ಗಂಟೆ ಸುಮ್ಮನೆ ನೋಡಿ, ಕಡೆಗೆ ತಡೆಯಲಾಗದೆ ಕೇಳಿದಳು.

"ಏನ್ರೀ ಪೋತದಾರ, ಹಂದಿ ಮಾಡಾಕತ್ತೀರೇನು?"

"ಹಂದಿ ಅಲ್ಲವ್ವಾ, ಘೇಂಡಾಮೃಗ."

"ಇದು ಯಾವ ದೇವರ ವಾಹನ?"

"ಯಾವ ದೇವರದೂ ಅಲ್ಲ."

"ದೇವರಿಗೂ ಅಲ್ಲ, ಮಂದಿಗೂ ಅಲ್ಲ, ಮತ್ತ ಬೆಳ್ಳಿ ಯಾಕ ಬಡೀತೀರಿ ಇದಕ್ಕ? ನನ್ನ ಕೊಂಡಿ ಹಾಕಿ ಕೊಟ್ಟು ಆಮ್ಯಾಲ ಹಂದಿ ಮಾಡ್ರಿ. ಬಸ್ಸಿಗೆ ಹೊತ್ತಾತು."

ಬೇರೆ ದಿನವಾಗಿದ್ದರೆ ನಗುತ್ತಿದ್ದರು. ಅಂದು ನಗಲಿಲ್ಲ. ಕೊಂಡಿ ಕೂಡಿಸಿ ಕೊಟ್ಟು, ಭರಮವ್ವ ಮೆಟ್ಟಿಲಿಳಿದ ಮೇಲೆ ಮತ್ತೆ ಚಿಮಟ ಹಿಡಿದರು. ಮಧ್ಯಾಹ್ನದೊಳಗೆ ಕೆಲಸ ಮುಗಿಯಬೇಕಿತ್ತು. ಮುಗಿದ ಮೇಲೆ ಅದನ್ನು ಬೆಳಗಾವಿ ಹತ್ತಿರದ ಮಚ್ಛೆಗೆ ಒಯ್ದು ಒಬ್ಬರೊಡನೆ ಜಗಳ ಮಾಡಬೇಕಿತ್ತು. ಅರ್ಧ ಜಗಳ ತಮ್ಮೊಂದಿಗೇ ಎಂಬುದು ಅವರಿಗೆ ಗೊತ್ತಿತ್ತು. ಸಿಟ್ಟು ಹೆಚ್ಚಾಗಿದ್ದು ಅದಕ್ಕೇ.

ಪೋತದಾರರಿಗೆ ಅರವತ್ತೊಂದು ವರ್ಷ. ಖಾನಾಪುರದ ನಿಂಗಾಪುರ ಗಲ್ಲಿಯಲ್ಲಿ ಹತ್ತಡಿ ಅಗಲದ ಅಂಗಡಿ. ಮುಂದಿನ ಅರ್ಧದಲ್ಲಿ ಮೂಗುತಿ, ಕಾಲುಂಗುರ, ತಾಳಿಯ ಬಟ್ಟಲಿನ ದಿನನಿತ್ಯದ ಕೆಲಸ. ಹಿಂದಿನ ಅರ್ಧದಲ್ಲಿ ಅವರ ಮನೆತನದ ಕೆಲಸ: ದೇವಿಯ ಮುಖವಾಡ. ಬೆಳ್ಳಿಯ ತೆಳು ತಗಡನ್ನು ಬಿಸಿ ರಾಳ ತುಂಬಿದ ತಟ್ಟೆಯ ಮೇಲೆ ಕೂರಿಸಿ, ಹಿಂದಿನಿಂದ ಉಬ್ಬಿಸಿ, ಮುಂದಿನಿಂದ ತಿದ್ದಿ, ಮೂಗು, ಹುಬ್ಬು, ತುಟಿ ಎಬ್ಬಿಸುತ್ತಾರೆ. ಆಮೇಲೆ ಅದನ್ನು ಕಟ್ಟಿಗೆಯ ಮೇಲಿಟ್ಟು, ನಡುವಿನ ಸಂದಿಗೆ ಅರಗು ತುಂಬಿ, ಅಂಚನ್ನು ಹಿಂದಕ್ಕೆ ಮಡಿಸಿ ಮೊಳೆ ಹೊಡೆಯುತ್ತಾರೆ. ಮೊಳೆ ಯಾರ ಕಣ್ಣಿಗೂ ಬೀಳಬಾರದು. ಬಿದ್ದರೆ ಕೆಲಸ ಕೆಟ್ಟಂತೆ ಎಂದು ಅಜ್ಜ ಕಲಿಸಿದ್ದ. ಹದಿನಾಲ್ಕನೆಯ ವಯಸ್ಸಿನಿಂದ ಅವರು ಹಾಗೇ ಮಾಡಿಕೊಂಡು ಬಂದಿದ್ದಾರೆ. ಕಣಕುಂಬಿಯ ಕಡೆಯ ಕಾಡಿನ ಹಳ್ಳಿಗಳಲ್ಲಿ, ಗೋವೆಯ ಗಡಿಯವರೆಗೆ, ಇಪ್ಪತ್ತಾರು ದೇವಿಯರ ಮುಖ ಈ ಅಂಗಡಿಯಲ್ಲಿ ಎದ್ದದ್ದು.

ಇದು ಹೆಚ್ಚು ಜನರಿಗೆ ಗೊತ್ತಿಲ್ಲ. ಕಾರಣವಿದೆ. ಹದಿನೆಂಟು ವರ್ಷ ಅವರು ಬೆಳಗಾವಿಯ ಶಹಾಪುರದ ಒಂದು ಸರಾಫಿ ಅಂಗಡಿಗೆ ಮುಖವಾಡ ಮಾಡಿಕೊಟ್ಟರು. ಅಂಗಡಿಯವರು ಅದನ್ನು ಗಾಜಿನ ಹಿಂದೆ ಇಟ್ಟು, 'ಕೊಲ್ಹಾಪುರದ ಖಾಸ್ ಕಾರಾಗೀರರ ಕೆಲಸ' ಎಂದು ಫಲಕ ಹಚ್ಚುತ್ತಿದ್ದರು. ಒಂದು ಗಣಪತಿ ಹಬ್ಬದ ಮುಂದೆ ಪೋತದಾರರು ಹೊಸ ಮುಖವಾಡ ಕೊಡಲು ಹೋಗಿದ್ದಾಗ, ಪುಣೆಯ ಗಿರಾಕಿಯೊಬ್ಬರು ಇಂಥದ್ದನ್ನು ಈ ಕಡೆ ಯಾರೂ ಮಾಡುವುದಿಲ್ಲವೇ ಎಂದು ಕೇಳಿದರು. "ಈ ಕಡೆ? ಖಾನಾಪುರ-ಗೀನಾಪುರದಾಗ ಇಂಥಾ ಕೆಲಸ ಯಾರಿಗೆ ಬರತೈತ್ರಿ?" ಎಂದ ಅಂಗಡಿಯಾತ, ಮಾಡಿದವನ ಎದುರಿಗೇ. ಗಿರಾಕಿ ಹೋದ ಮೇಲೆ ಚಹಾ ತರಿಸಿ, "ಧಂದೇದ ಮಾತು. ಮನಸ್ಸಿಗೆ ಹಚ್ಚಿಕೋಬ್ಯಾಡ್ರಿ" ಎಂದ. ಪೋತದಾರರು ಚಹಾ ಕುಡಿಯಲಿಲ್ಲ. ಮುಂದಿನ ತಿಂಗಳಿಂದ ಕೆಲಸ ಕೊಡುವುದನ್ನೂ ನಿಲ್ಲಿಸಿದರು. ಇದಾಗಿ ಒಂಬತ್ತು ವರ್ಷವಾಯಿತು. ಈಗಲೂ ಆ ಮಾತು ಬಂದರೆ ಅವರ ಹೆಂಡತಿ ಕಾಶೀಬಾಯಿ ಒಳಗೆದ್ದು ಹೋಗುತ್ತಾರೆ. ಅದರ ಹಿಂದೆ ಬರುವ ಗಂಡನ ಒಂದು ತಾಸಿನ ಬೈಗುಳ ಅವರಿಗೆ ಬಾಯಿಪಾಠವಾಗಿದೆ.

ಹಾಗಿರುವಾಗ ಜೂನ್ ತಿಂಗಳಲ್ಲಿ ಮಚ್ಛೆಯ ಖಾಸಗಿ ಶಿಕ್ಷಣ ಸಂಸ್ಥೆಯೊಂದರ ಕಾರ್ಯದರ್ಶಿ ಹೃಷೀಕೇಶ ಅಂಗಡಿಗೆ ಬಂದರು. ಜತೆಗೆ ಸಮೃದ್ಧಿ ಎಂಬ ವಿನ್ಯಾಸಗಾರ್ತಿ, ಅವಳ ಕೈಯಲ್ಲಿ ಕ್ಯಾಮೆರಾ. ಸಂಸ್ಥೆಯವರು ಮಕ್ಕಳಿಗಾಗಿ ಲೋಕದ ಇತಿಹಾಸದ ಗ್ಯಾಲರಿಯೊಂದನ್ನು ಕಟ್ಟುತ್ತಿದ್ದರು. ಸಮೃದ್ಧಿ ಒಂದು ಫೋಟೋ ತೋರಿಸಿದಳು. ಆಫ್ರಿಕಾದ ಮಾಪುಂಗುಬ್ವೆ ಎಂಬ ಗುಡ್ಡದ ಗೋರಿಯಲ್ಲಿ ಸಿಕ್ಕ ಚಿನ್ನದ ಘೇಂಡಾಮೃಗ. ಎಂಟುನೂರು ವರ್ಷದಷ್ಟು ಹಳೆಯದು. ಅದರ ಪ್ರತಿ ಬೇಕಿತ್ತು. ತಗಡನ್ನು ಕಟ್ಟಿಗೆಗೆ ಮೊಳೆಯಿಂದ ಕೂರಿಸುವವರು ಯಾರಿದ್ದಾರೆಂದು ಹುಡುಕುತ್ತಾ ಖಾನಾಪುರದವರೆಗೆ ಬಂದಿದ್ದರು. ಹೆಸರು ಕೇಳಿಕೊಂಡು, ವಿಳಾಸ ಹುಡುಕಿಕೊಂಡು ಯಾರೋ ಬಂದದ್ದು ಪೋತದಾರರ ಆಯುಷ್ಯದಲ್ಲೇ ಮೊದಲು.

ಅವರು ಫೋಟೋವನ್ನು ಕನ್ನಡಕದ ಹತ್ತಿರ ಹಿಡಿದರು. ಅಂಚಿನುದ್ದಕ್ಕೂ ಮೊಳೆಯ ಸಾಲು ಕಂಡಿತು. ಎದೆ ಉಬ್ಬಿತು.

"ಇದನ್ನ ಯಾರು ಮಾಡಿರಬಹುದು ಕಾಕಾ?" ಎಂದು ಸಮೃದ್ಧಿ ಕೇಳಿದಳು. ಕ್ಯಾಮೆರಾ ಓಡುತ್ತಿತ್ತು.

ಪತ್ತಾರರ, ಅಂದರೆ ಅಕ್ಕಸಾಲಿಗರ, ಮನೆಗಳಲ್ಲಿ ಒಂದು ನಂಬಿಕೆ ಉಂಟು. ಬೆಸುಗೆ ಇಲ್ಲದೆ, ಬರೀ ಮೊಳೆಯ ಮೇಲೆ ತಗಡು ಕೂರಿಸುವ ವಿದ್ಯೆ ತಮ್ಮ ಮನೆತನ ಬಿಟ್ಟು ಲೋಕದಲ್ಲಿ ಇನ್ನಾರಿಗೂ ಬರುವುದಿಲ್ಲ ಎಂದು ಪ್ರತಿ ಮನೆಯೂ ನಂಬಿರುತ್ತದೆ. ಖಾನಾಪುರದ ಪೋತದಾರರೂ ಹಾಗೇ ನಂಬಿದ್ದರು. ಕ್ಯಾಮೆರಾ ನೋಡುತ್ತಾ ಹೇಳಿದರು: "ಇದು ನಮ್ಮ ದೇಶದ ಸೋನಾರ ಮಾಡಿದ್ದು. ನೂರಕ್ಕ ನೂರು. ಈ ಮೊಳೀ ಕೆಲಸ ಬ್ಯಾರೆ ಯಾರಿಗೂ ಬರೂದಿಲ್ಲ. ಇನ್ನೊಂದು ನೋಡ್ರಿ, ಒಂದs ಕೊಂಬು ಐತಿ. ಒಂದು ಕೊಂಬಿನ ಘೇಂಡಾ ಇರೂದು ನಮ್ಮ ಅಸ್ಸಾಮದಾಗ. ನಮ್ಮವ್ರs ಅಲ್ಲಿಗೆ ಹೋಗಿ ಮಾಡಿರಬೇಕು, ಇಲ್ಲಾ ಇಲ್ಲಿ ಮಾಡಿ ಕಳಿಸಿರಬೇಕು. ಅಲ್ಲಿ ಮಂದಿಗೆ ಇದೆಲ್ಲಾ ಎಲ್ಲಿ ಬರಬೇಕು?"

ಹೃಷೀಕೇಶರ ಮುಖ ಅರಳಿತು. "ಇದು ನೋಡ್ರಿ ಮಾತು. ಕೆಲಸಗಾರನ ಬಾಯಿಂದ ಬಂದ ಸಾಕ್ಷಿ" ಎಂದರು. ವಿಡಿಯೋವನ್ನು ಕಾಯಂ ಆಗಿ ತೋರಿಸಲು ಒಪ್ಪಿಗೆ ಎಂಬ ಕಾಗದಕ್ಕೆ ಪೋತದಾರರು ಸಹಿ ಮಾಡಿದರು. ದರದ ಮಾತು ಕೆಲಸ ಮುಗಿದ ಮೇಲೆ ಎಂದು ಇಬ್ಬರೂ ಬಿಟ್ಟರು.

ಮಗಳು ಮುಗ್ಧಾ ಖಾನಾಪುರದ ಪ್ರೌಢಶಾಲೆಯೊಂದರಲ್ಲಿ ಇತಿಹಾಸ ಕಲಿಸುತ್ತಾಳೆ. ಸಂಜೆ ಐದಕ್ಕೆ ಶಾಲೆ ಬಿಟ್ಟು ಮನೆಗೆ ಹೋಗುವಾಗ ಅಂಗಡಿಯಲ್ಲಿ ಕೂತು ಚಹಾ ಕುಡಿಯುವುದು ರೂಢಿ. ಮನೆಯಲ್ಲಿ ಮರಾಠಿ, ಅಂಗಡಿಯ ಮೆಟ್ಟಿಲು ಹತ್ತಿದರೆ ಗಿರಾಕಿಗಳ ದೆಸೆಯಿಂದ ಅಪ್ಪ-ಮಗಳ ಮಾತೂ ಕನ್ನಡಕ್ಕೆ ಹೊರಳುತ್ತದೆ. ಅಪ್ಪ ತಾನು ಹೇಳಿದ್ದನ್ನು ಖುಷಿಯಿಂದ ವರದಿ ಒಪ್ಪಿಸಿದಾಗ ಅವಳು ಬಟ್ಟಲು ಕೆಳಗಿಟ್ಟಳು.

"ಬಾಬಾ, ಆ ಊರ ಹೆಸರು ಮೊದಲ ಯಾವಾಗರೆ ಕೇಳಿದ್ರೇನು?"

"ಇಲ್ಲ."

"ಮತ್ತ ನೂರಕ್ಕ ನೂರು ಎಲ್ಲಿಂದ ಬಂತು?"

"ಕೆಲಸ ನೋಡಿ ಹೇಳಿದ್ನೆವ್ವಾ. ಸಾಲ್ಯಾಗ ಕಲತು ಹೇಳಿದ್ದಲ್ಲ."

"ಹಂಗಾರ ಸಾಲೀದು ಒಂದೀಟು ಕೇಳ್ರಿ."

ಮುಂದಿನ ಮೂರು ವಾರ ಅವಳು ತುಸುತುಸುವಾಗಿ ಹೇಳಿದಳು. ಅವರು ತಗಡು ಬಡಿಯುತ್ತಾ ಕೇಳಿದರು.

ಲಿಂಪೋಪೊ ಮತ್ತು ಶಾಶೆ ಎಂಬ ಎರಡು ನದಿ ಕೂಡುವ ಜಾಗ. ಇಂದು ದಕ್ಷಿಣ ಆಫ್ರಿಕಾ, ಬೋಟ್ಸ್ವಾನಾ, ಜಿಂಬಾಬ್ವೆ ಮೂರೂ ದೇಶಗಳ ಗಡಿ ಸೇರುವುದು ಅಲ್ಲೇ. ಸಾವಿರ ವರ್ಷದ ಹಿಂದೆ ಅಲ್ಲಿದ್ದವರು ದನಗಾಹಿಗಳು, ಬೇಸಾಯಗಾರರು. ಆನೆದಂತ ಮಾರತೊಡಗಿದರು. ಉತ್ತರದ ಎತ್ತರದ ನಾಡಿನಿಂದ ಚಿನ್ನ ಬರತೊಡಗಿತು. ಅದು ಪೂರ್ವಕ್ಕೆ, ಹಿಂದೂ ಮಹಾಸಾಗರದ ದಡಕ್ಕೆ ಹೋಗಿ, ಅಲ್ಲಿಂದ ಹಡಗು ಏರುತ್ತಿತ್ತು. ತಿರುಗಿ ಬರುವಾಗ ಗಾಜಿನ ಮಣಿ, ಅರಳೆಬಟ್ಟೆ ಬರುತ್ತಿದ್ದವು. ಮಣಿಗಳಲ್ಲಿ ಹಲವು ಭಾರತದ ಕಡೆಯವು.

"ಅಂದ್ರ ನಮ್ಮವ್ರು ಹೋಗಿದ್ರು, ಹೌದಲ್ಲ?" ಎಂದರು ಪೋತದಾರರು, ಗೆದ್ದವರ ಹಾಗೆ.

"ಮಣಿ ಹೋಗಿದ್ದವು ಬಾಬಾ. ಭರಮವ್ವ ನಿಮಗ ಗರ್ಲಗುಂಜಿ ಬೆಲ್ಲ ತಂದು ಕೊಡತಾಳ. ಅದಕ್ಕ ಈ ಮುಖವಾಡ ಆಕಿ ಕಲಿಸಿದ್ದೇನು?"

ಪೋತದಾರರು ಮತ್ತೆ ತಗಡು ಬಡಿಯತೊಡಗಿದರು.

ಸಂಪತ್ತು ಕೂಡಿದಂತೆ ಊರು ಬದಲಾಯಿತು. ಸುಮಾರು ೧೨೨೦ರ ಹೊತ್ತಿಗೆ ಅರಸನೂ ಅವನ ಕುಲದವರೂ ಕಡಿದಾದ ಬಂಡೆಗುಡ್ಡದ ನೆತ್ತಿಗೆ ಹತ್ತಿದರು. ಉಳಿದ ಸಾವಿರಾರು ಜನ ಬುಡದಲ್ಲೇ ಉಳಿದರು. ಮೇಲೆ ಬರೀ ಕಲ್ಲು. ಹಾಗಾಗಿ ಕೆಳಗಿನಿಂದ ಮಣ್ಣು ಹೊತ್ತು ಹಾಕಿ ನೆಲ ಮಾಡಿದರು. ಹತ್ತಲು ಇದ್ದದ್ದು ಇಕ್ಕಟ್ಟಾದ ಏರುದಾರಿ. ಅರಸು ಮನೆತನದವರು ಸತ್ತಾಗ ಅದೇ ನೆತ್ತಿಯಲ್ಲಿ ಚಿನ್ನದ ಜತೆ ಹೂಳಿದರು: ಚಿನ್ನದ ತಗಡು ಹೊದಿಸಿದ ಕೋಲು, ಬಟ್ಟಲು, ಸಾವಿರಗಟ್ಟಲೆ ಮಣಿ, ಈ ಘೇಂಡಾಮೃಗ. ಇಷ್ಟೆಲ್ಲ ನಡೆದದ್ದು ಮೂರು-ನಾಲ್ಕು ತಲೆಮಾರು ಮಾತ್ರ. ೧೩೦೦ರ ಹೊತ್ತಿಗೆ ಊರು ಖಾಲಿ. ಮಳೆ ಕಡಿಮೆಯಾಯಿತು ಎನ್ನುವವರಿದ್ದಾರೆ. ಚಿನ್ನದ ವ್ಯಾಪಾರ ಉತ್ತರದ ಇನ್ನೊಂದು ರಾಜ್ಯದ ಕೈಗೆ, ದೊಡ್ಡ ಕಲ್ಲುಗೋಡೆಗಳ ಜಿಂಬಾಬ್ವೆಗೆ ಹೋಯಿತು ಎನ್ನುವವರಿದ್ದಾರೆ. ಎರಡೂ ಇರಬಹುದು ಎಂದಳು ಮುಗ್ಧಾ.

ಪೋತದಾರರಿಗೆ ಏಳಿಗೆ-ಬೀಳುಗಿಂತ ಹೆಚ್ಚು ತಟ್ಟಿದ್ದು ಆಮೇಲಿನ ಕತೆ. ಸುತ್ತಲಿನ ಜನ ಆರುನೂರು ವರ್ಷ ಆ ಗುಡ್ಡವನ್ನು ಮುಟ್ಟಲಿಲ್ಲ. ಹಿರಿಯರ ಜಾಗವೆಂದು ಅದರ ಕಡೆ ಬೆರಳು ಮಾಡಿ ತೋರಿಸುತ್ತಲೂ ಇರಲಿಲ್ಲ. ೧೯೩೨ರ ಕೊನೆಗೆ ಬಿಳಿಯ ರೈತನೊಬ್ಬ ಸಂಗಡಿಗರೊಂದಿಗೆ ಹತ್ತಿ, ಸಿಕ್ಕ ಚಿನ್ನವನ್ನು ಹಂಚಿಕೊಂಡ. ಅವರಲ್ಲೊಬ್ಬ ತಾನು ಓದಿದ ವಿಶ್ವವಿದ್ಯಾಲಯಕ್ಕೆ ತಿಳಿಸಿದ್ದರಿಂದ ಅದು ಉಳಿಯಿತು. ಘೇಂಡಾಮೃಗದ ಒಳಗಿನ ಕಟ್ಟಿಗೆ ಮಣ್ಣಾಗಿತ್ತು. ತಗಡು, ಮೊಳೆ ಇದ್ದವು. ಆದರೆ ಬಿಳಿಯರು ಬರುವ ಮುಂಚೆ ಈ ನೆಲ ಖಾಲಿ ಇತ್ತು ಎಂದು ಆಗಿನ ಬಿಳಿಯರ ಸರ್ಕಾರ ಮಕ್ಕಳಿಗೆ ಪಾಠ ಹೇಳಿಸುತ್ತಿತ್ತು. ಖಾಲಿ ನೆಲದಲ್ಲಿ ಚಿನ್ನ ಬಡಿದವರು ಯಾರು ಎಂಬ ಪ್ರಶ್ನೆ ಬರುತ್ತದಲ್ಲ. ಹಾಗಾಗಿ ಅದನ್ನು ದಶಕಗಳ ಕಾಲ ಜನರ ಕಣ್ಣಿಗೆ ಬೀಳದ ಹಾಗೆ ಒಳಗೇ ಇಟ್ಟರು.

"ಯಾರು ಮಾಡಿದ್ದು ಅಂತ ಹೇಳತಿದ್ರು?" ಪೋತದಾರರು ಸುತ್ತಿಗೆ ನಿಲ್ಲಿಸಿ ಕೇಳಿದರು.

"ಹೊರಗಿನವ್ರು ಅಂತ. ಅರಬರಂತ, ಇನ್ನಾರೋ ಅಂತ. ಅಲ್ಲಿ ಮಂದಿ ಬಿಟ್ಟು ಯಾರ ಹೆಸರಾದ್ರೂ ನಡೀತಿತ್ತು." ಮುಗ್ಧಾ ಚೀಲ ಹೆಗಲಿಗೆ ಹಾಕಿಕೊಂಡಳು. "ಈಗ ನಿಮ್ಮ ಹೆಸರೂ ಕೂಡತು."

ಮಾತು ಮುಳ್ಳಾಯಿತು. ಆದರೂ ಮಗಳು ಪುಸ್ತಕದಿಂದ ಹೇಳಿದ್ದನ್ನು ಅವರು ಪೂರ್ತಿ ಒಪ್ಪಿರಲಿಲ್ಲ. ಪುಸ್ತಕ ಬರೆದವರು ತಗಡು ಬಡಿದವರಲ್ಲ. ಒಪ್ಪಿಸಿದ್ದು ಕೆಲಸವೇ.

ಪೀರನವಾಡಿಯ ಬಡಿಗ ಓಂಕಾರ ಫೋಟೋ ನೋಡಿ ಕಟ್ಟಿಗೆಯಲ್ಲಿ ಘೇಂಡಾಮೃಗ ಕೆತ್ತಿ ಕೊಟ್ಟಿದ್ದ. ಪೋತದಾರರು ಅಜ್ಜ ಕಲಿಸಿದ ದಾರಿಯಲ್ಲಿ ಹೊರಟರು. ರಾಳದ ಮೇಲೆ ತಗಡಿಟ್ಟು ಮೈಯ ಉಬ್ಬು ಎಬ್ಬಿಸಿದರು. ಕಟ್ಟಿಗೆಗೆ ತಂದು ಹಿಡಿದರೆ ಕೂರಲಿಲ್ಲ. ಅಂಗೈಯಷ್ಟು ಗುಂಡು ಮೈಗೆ ಎಲ್ಲೋ ಹೆಚ್ಚು, ಎಲ್ಲೋ ಕಡಿಮೆ. ಎರಡನೆಯ ಸಲ ಸಂದಿಗೆ ಅರಗು ತುಂಬಿದರು. ಮುಖವಾಡದಲ್ಲಿ ಮೊಳೆ ಹಿಂದಿನ ಅಂಚಿಗೆ ಬೀಳುತ್ತದೆ. ಅಲ್ಲಿ ಅರಗು ಇರುವುದಿಲ್ಲ. ಇಲ್ಲಿ ಫೋಟೋದಲ್ಲಿದ್ದ ಹಾಗೆ ಮೈಮೇಲೇ ಮೊಳೆ ಹೊಡೆದರೆ, ಮೊದಲನೆಯದಕ್ಕೇ ಒಳಗಿನ ಅರಗು ಗಾಜಿನ ಹಾಗೆ ಬಿರಿದು, ತಗಡು ಕುಸಿದು ಕುಳಿ ಬಿತ್ತು. ಹನ್ನೊಂದು ದಿನದ ಕೆಲಸ ಕೆಟ್ಟಿತು.

ಅವರು ಫೋಟೋಗಳನ್ನು ದೊಡ್ಡದು ಮಾಡಿಸಿ ತಂದು ಗೋಡೆಗೆ ಅಂಟಿಸಿದರು. ಎರಡು ದಿನ ಏನೂ ಮಾಡದೆ ನೋಡುತ್ತಾ ಕೂತರು. ತಗಡು ಒಂದೇ ತುಂಡಲ್ಲ. ಕಿವಿ ಬೇರೆ, ಕೊಂಬು ಬೇರೆ, ಬಾಲ ಬೇರೆ. ಅಂಚುಗಳನ್ನು ಮಡಿಸಿಲ್ಲ, ಮೊಳೆ ಬಚ್ಚಿಟ್ಟಿಲ್ಲ. ಅಂಚಿನ ಮೇಲೇ ಸಾಲಾಗಿ, ಎಲ್ಲರಿಗೂ ಕಾಣುವಂತೆ ಹೊಡೆದಿದ್ದಾರೆ.

ಮೂರನೆಯ ಸಲ ಅವರು ರಾಳದ ತಟ್ಟೆಯನ್ನು ಬದಿಗೆ ಸರಿಸಿದರು. ಅರಗು ಬಿಟ್ಟರು. ಹದ ಮಾಡಿದ ತಗಡನ್ನು ನೇರವಾಗಿ ಕಟ್ಟಿಗೆಗೆ ಹಿಡಿದು, ನಯವಾದ ಎಲುಬಿನ ತುಂಡಿನಿಂದ ಬೆನ್ನಿಂದ ಹೊಟ್ಟೆಗೆ ಒತ್ತುತ್ತಾ, ಒತ್ತಿದಷ್ಟಕ್ಕೆ ಅಂಚಿಗೆ ಮೊಳೆ ಹೊಡೆಯುತ್ತಾ ಹೋದರು. ತಗಡು ತೊಗಲಿನ ಹಾಗೆ ಕೂತಿತು. ಓಂಕಾರ ಕೆತ್ತಿದ ಭುಜದ ತಿರುವು, ಬೆನ್ನಿನ ಗೂನು, ಎಲ್ಲವೂ ತಾನಾಗಿ ಮೇಲೆ ಬಂದವು.

ಆಗ ಗೊತ್ತಾಯಿತು. ಖಾನಾಪುರದಲ್ಲಿ ರೂಪ ಹುಟ್ಟುವುದು ರಾಳದಲ್ಲಿ; ಕಟ್ಟಿಗೆ ಬರೀ ಊರುಗೋಲು. ಆ ಗುಡ್ಡದಲ್ಲಿ ರೂಪ ಹುಟ್ಟಿದ್ದು ಕಟ್ಟಿಗೆಯಲ್ಲಿ, ಚಿನ್ನ ಅದನ್ನು ಹಿಂಬಾಲಿಸಿತ್ತು. ಅಜ್ಜನ ಬಳಿ ಕಲಿತವನು ಯಾರೂ ಮೊಳೆಯನ್ನು ಹಾಗೆ ಹೊಡೆಯುವುದಿಲ್ಲ. ಹೊಡೆದರೆ ಕಪಾಳಕ್ಕೆ ಬೀಳುತ್ತಿತ್ತು. ಅದನ್ನು ಮಾಡಿದವನ ಗುರು ಬೇರೆ. ಅವನ ಊರು ಬೇರೆ. ಅವನ ಕೈಯಿಂದ ಕೆಲಸವನ್ನು ಕಸಿದು, ಅವನ ಮಂದಿಗೆ ಇದು ಬರುವುದಿಲ್ಲ ಎಂದು ಕ್ಯಾಮೆರಾದ ಮುಂದೆ ನಗುತ್ತಾ ಹೇಳಿದವರು ತಾವೇ. ಶಹಾಪುರದ ಅಂಗಡಿಯಾತ ಆಡಿದ ಮಾತೇ ಅದು. ಅವನು ಚಹಾನಾದರೂ ತರಿಸಿದ್ದ.

ಅಂದೇ ಹೃಷೀಕೇಶರಿಗೆ ಫೋನ್ ಮಾಡಿದರು. ನಾನು ಹೇಳಿದ್ದು ತಪ್ಪು, ವಿಡಿಯೋ ತೆಗೆಯಿರಿ, ಬೇಕಾದರೆ ಹೊಸದಾಗಿ ಹೇಳುತ್ತೇನೆ ಎಂದರು. "ನೋಡೂಣು ನೋಡೂಣು, ಮೊದಲ ಘೇಂಡಾ ತರ್ರಿ" ಎಂದರು ಆ ಕಡೆಯಿಂದ. ಮೂರು ಸಲ ಫೋನ್ ಮಾಡಿದಾಗಲೂ ಅದೇ ಉತ್ತರ. ಉದ್ಘಾಟನೆಗೆ ನಾಲ್ಕು ದಿನ ಉಳಿದಿತ್ತು.

ಹೀಗಾಗಿ ಭರಮವ್ವ ಬೋರಮಾಳ ಹಾಕಿಕೊಂಡು ಹೋದ ಆ ಬುಧವಾರ, ಕೊನೆಯ ಮೊಳೆ ಹೊಡೆದು, ಘೇಂಡಾಮೃಗವನ್ನು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ಟಿಫಿನ್ ಚೀಲದಲ್ಲಿಟ್ಟುಕೊಂಡು, ಪೋತದಾರರು ಬೆಳಗಾವಿ ಬಸ್ಸು ಹತ್ತಿದರು. ಮಚ್ಛೆಯಲ್ಲಿ ಇಳಿದಾಗ ಎರಡೂವರೆ.

ಗ್ಯಾಲರಿಯಲ್ಲಿ ಹೊಸ ಬಣ್ಣದ ವಾಸನೆ. ಬಲಗಡೆಯ ಗೋಡೆಯ ಮೇಲೆ ಮೊಳಕೈಯುದ್ದದ ಅಕ್ಷರಗಳಲ್ಲಿ 'ಆಫ್ರಿಕಾದಲ್ಲಿ ಭಾರತದ ಕೈಚಳಕ' ಎಂದು ಬರೆದಿತ್ತು. ಅದರ ಕೆಳಗೆ ಖಾಲಿ ಗಾಜಿನ ಪೆಟ್ಟಿಗೆ. ಪಕ್ಕದ ಪರದೆಯಲ್ಲಿ ಪೋತದಾರರು ಮಾತಾಡುತ್ತಿದ್ದರು. "ಅಲ್ಲಿ ಮಂದಿಗೆ ಇದೆಲ್ಲಾ ಎಲ್ಲಿ ಬರಬೇಕು?" ಎಂಬಲ್ಲಿಗೆ ಮುಗಿದು, ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಪರದೆಯ ಮೇಲಿನ ಮನುಷ್ಯನ ನಗು ನೋಡಿ ಅವರಿಗೆ ಕಪಾಳಕ್ಕೆ ಹೊಡೆಯಬೇಕೆನಿಸಿತು.

"ಬರ್ರಿ ಬರ್ರಿ, ಕುಂದರ್ರಿ ಪೋತದಾರ ಅವ್ರ" ಎಂದರು ಹೃಷೀಕೇಶ. ಬಟ್ಟೆ ಬಿಚ್ಚಿದ ಘೇಂಡಾಮೃಗವನ್ನು ಸಮೃದ್ಧಿ ಎರಡೂ ಕೈಯಲ್ಲಿ ಎತ್ತಿ ನೋಡಿ ದಂಗಾದಳು. "ಕಾಕಾ, ಉಸಿರು ಒಂದs ಬಾಕಿ ಐತಿ ನೋಡ್ರಿ ಇದಕ್ಕ!"

"ಅದನ್ನ ಕೆಳಗ ಇಡವಾ. ಮೊದಲ ಆ ಟೀವಿ ಬಂದ್ ಮಾಡು."

ಸಮೃದ್ಧಿ ಹೃಷೀಕೇಶರ ಮುಖ ನೋಡಿದಳು. ಅವರು ಮಾಡು ಎನ್ನಲಿಲ್ಲ.

"ಪೋತದಾರ ಅವ್ರ, ನಾವೇನು ನಿಮ್ಮ ಬಾಯಾಗ ಮಾತು ತುರುಕಿವೇನು? ನೀವs ಹೇಳೀರಿ. ನೂರಕ್ಕ ನೂರು ಅಂದೀರಿ."

"ಅಂದೀನಿ. ಗೊತ್ತಿರಲಿಲ್ಲ, ಅಂದೀನಿ. ಈಗ ಮಾಡಿ ನೋಡೀನಿ. ಈ ಕೆಲಸ ನಮ್ದಲ್ಲ." ಅವರು ಬೆರಳಿಟ್ಟು ಮೊಳೆಯ ಸಾಲು ತೋರಿಸಿದರು. "ನಮ್ಮಲ್ಲಿ ಮೊಳಿ ಕಾಣಂಗಿಲ್ಲ. ಇಲ್ಲಿ ಕಾಣತಾವು. ನಮ್ಮಲ್ಲಿ ಅರಗು ಇರತೈತಿ. ಇಲ್ಲಿ ಅರಗು ತುಂಬಿದ್ರ ತಗಡು ಕುಸೀತೈತಿ. ಎರಡು ಸರ್ತಿ ಕೆಡಿಸಿಕೊಂಡೀನಿ. ಬೇಕಾದ್ರ ಬಂದು ನೋಡ್ರಿ, ಕೆಟ್ಟ ತಗಡು ಹಂಗs ಇಟ್ಟೀನಿ."

"ಅದು ಸಣ್ಣ ಫರಕು. ಮಕ್ಕಳಿಗೆ ಅದೆಲ್ಲಾ ತಿಳಿಯೂದಿಲ್ಲ. ಕೊಂಬಿಗೇನಂತೀರಿ? ಆಫ್ರಿಕಾದ್ದಕ್ಕ ಎರಡು ಕೊಂಬು. ಇದಕ್ಕ ಒಂದs."

"ಸಾಹೇಬ್ರ, ದೇವಿಗೆ ಎಂಟು ಕೈ. ನಾ ಇಪ್ಪತ್ತಾರು ದೇವಿ ಮಾಡೀನಿ, ಬರೇ ಮುಖ. ಒಬ್ಬಾಕಿಗೂ ಕೈ ಇಟ್ಟಿಲ್ಲ. ನಾಳೆ ಯಾವನರೆ ಬಂದು, ಖಾನಾಪುರದ ದೇವಿಗೆ ಕೈ ಇರಲಿಲ್ಲ, ಇಕಿ ಬ್ಯಾರೆ ದೇಶದಾಕಿ ಅಂದ್ರ ನೀವು ಒಪ್ಪತೀರೇನು?"

ಸಮೃದ್ಧಿಗೆ ನಗು ಬಂತು; ಕೆಳಗೆ ನೋಡಿದಳು. ಹೃಷೀಕೇಶರಿಗೆ ಬರಲಿಲ್ಲ.

"ನೋಡ್ರಿ, ನಮ್ಮ ಹುಡುಗರಿಗೆ ಅಭಿಮಾನ ಬರಬೇಕು. ಖಾನಾಪುರದ ಕಾರಾಗೀರನ ಹೆಸರು ಗ್ವಾಡಿ ಮ್ಯಾಲ ಬರಾಕತ್ತೈತಿ. ಇಷ್ಟು ವರ್ಷದಾಗ ಯಾರರೆ ನಿಮ್ಮ ಹೆಸರು ಬರದಿದ್ರೇನು? ನಾವು ಬರದೀವಿ. ಆ ಮಂದಿ ಎಲ್ಲೋ, ನೀವೆಲ್ಲೋ. ಅವರ ವಕಾಲತ್ತು ನಿಮಗ್ಯಾಕ ಬೇಕು?"

ಪೋತದಾರರು ಗೋಡೆಯ ಕಡೆ ತಿರುಗಿದರು. ಗೋಡೆಯ ಮೇಲೆ ಸಣ್ಣ ಅಕ್ಷರದಲ್ಲಿ ಹೆಸರಿತ್ತು ನಿಜ: ಅವಧೂತ ಪೋತದಾರ, ಸುವರ್ಣಕಾರರು, ಖಾನಾಪುರ. ನಲವತ್ತೇಳು ವರ್ಷದಲ್ಲಿ ಮೊದಲ ಸಲ. ಅದನ್ನು ಅವರು ಎರಡು ಸಲ ಓದಿದರು.

"ನನ್ನ ಹೆಸರು ಅಳಸ್ರಿ" ಎಂದರು. "ಕಳ್ಳಮಾಲಿನ ಮ್ಯಾಲ ನನ್ನ ಶಿಕ್ಕಾ ಬ್ಯಾಡ."

"ಅಳಿಸಾಕ ಆಗಂಗಿಲ್ಲ. ರವಿವಾರ ಉದ್ಘಾಟನೆ, ಪತ್ರಿಕೆ ಹಂಚಿ ಆಗೇತಿ. ವಿಡಿಯೋ ಕಾಯಂ ಅಂತ ಒಪ್ಪಿಗೆ ಪತ್ರಕ್ಕ ಸಹಿ ನಿಮ್ಮದs ಐತಿ. ಭಾಳಂದ್ರ ಕೆಳಗ 'ಕೆಲವರ ಅಭಿಪ್ರಾಯ' ಅಂತ ಒಂದು ಸಾಲು ಹಾಕಸ್ತೀನಿ. ಸಾಕಲ್ಲ?"

"ಕೆಲವರ ಅಭಿಪ್ರಾಯ ಅಲ್ಲರಿ ಅದು, ನನ್ನ ಸುಳ್ಳು. ನಾ ಹೇಳಿದ ಸುಳ್ಳು ನನಗ ತಿರುಗಿ ಕೊಡ್ರಿ."

"ಸಹಿ ಐತ್ರೀ."

ಧ್ವನಿ ಏರಿದ್ದು ಆಗಲೇ. ಹೊರಗೆ ಪೇಂಟ್ ಹೊಡೆಯುತ್ತಿದ್ದವರು ಏಣಿಯ ಮೇಲೇ ನಿಂತು ಕೇಳಿದರು. ಪೋತದಾರರು ಬಾಯಿಗೆ ಬಂದದ್ದನ್ನೆಲ್ಲ ಮರಾಠಿ, ಕನ್ನಡ ಎರಡರಲ್ಲೂ ಅಂದರು. ಸತ್ತವನ ಕೈಯಿಂದ ಬಳೆ ಬಿಚ್ಚುವವರು ನೀವು ಎಂದರು. ಬಿಳಿಯರ ಸರ್ಕಾರ ಮಾಡಿದ್ದಕ್ಕೂ ನೀವು ಮಾಡುತ್ತಿರುವುದಕ್ಕೂ ಫರಕು ಏನು ಹೇಳಿ ಎಂದರು. ಹೃಷೀಕೇಶ ಒಂದೇ ಮಾತನ್ನು ಸಮಾಧಾನದಿಂದ ಮತ್ತೆ ಮತ್ತೆ ಹೇಳಿದರು. ಆ ಸಮಾಧಾನವೇ ಪೋತದಾರರನ್ನು ಇನ್ನಷ್ಟು ಸುಟ್ಟಿತು.

ಕಡೆಗೆ ಅವರು ಘೇಂಡಾಮೃಗವನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡರು.

"ಏ, ಅದನ್ನೆಲ್ಲಿ ಒಯ್ಯತೀರಿ? ಪೆಟ್ಟಿಗಿ ಖಾಲಿ ಇಟ್ಟು ಉದ್ಘಾಟನೆ ಮಾಡೂಣೇನು?"

"ಒಂದು ಪೈಸೆ ತಗೊಂಡಿಲ್ಲ ನಿಮ್ಮ ಕಡಿಂದ. ಮಾಲು ನಂದು." ಬಾಗಿಲಲ್ಲಿ ನಿಂತು ತಿರುಗಿದರು. "ಟೀವಿಯೊಳಗಿನ ಪೋತದಾರ ಹೇಳೂದು ಹೇಳಲಿ. ಸಹಿ ಮಾಡ್ಯಾನ, ಮೂರ್ಖ. ಬಾಜೂಕ ಇನ್ನೊಬ್ಬ ಪೋತದಾರ ಬಂದು ನಿಂದರತಾನ. ಅವನ ಕಡಿಂದ ಯಾವ ಕಾಗದಕ್ಕೂ ಸಹಿ ತಗೊಂಡಿಲ್ಲ ನೀವು."

ಹೃಷೀಕೇಶ ನಕ್ಕರು. ಮುದುಕರ ಸಿಟ್ಟು, ಇಳಿಯುತ್ತದೆ ಎಂದು ಸಮೃದ್ಧಿಗೆ ಹೇಳಿದರು.

ಸಿಟ್ಟು ಇಳಿಯಲಿಲ್ಲ. ಗುರುವಾರ ಬೆಳಿಗ್ಗೆ ಪೋತದಾರರು ಒಪ್ಪಿಗೆ ಹಿಂತೆಗೆದುಕೊಂಡಿದ್ದೇನೆ ಎಂದು ಕನ್ನಡದಲ್ಲಿ ಒಂದು, ಮರಾಠಿಯಲ್ಲಿ ಒಂದು ಪತ್ರ ಬರೆದು ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದರು. ಉತ್ತರ ಬರಲಿಲ್ಲ. ಶುಕ್ರವಾರ ಸಂಜೆ ಚಹಾದ ಹೊತ್ತಿಗೆ ಮಗಳನ್ನು ಕೇಳಿದರು: "ನಿಮ್ಮ ಸಾಲಿ ಹುಡುಗರನ್ನ ಆ ಗ್ಯಾಲರಿ ನೋಡಾಕ ಕರಕೊಂಡು ಹೋಗ್ತಾರೇನು?"

"ತಾಲೂಕಿನ ಎಲ್ಲಾ ಸಾಲಿಗೂ ಪತ್ರ ಬಂದೈತಿ. ನಾ ಒಲ್ಲೆ ಅನ್ನೂದರಾಗ ಇದ್ದೆ."

"ಒಲ್ಲೆ ಅನಬ್ಯಾಡ. ಕರಕೊಂಡು ಬಾ."

ಮುಗ್ಧಾ ಅಪ್ಪನ ಮುಖ ನೋಡಿದಳು. "ಹುಡುಗರ ಮುಂದ, ನಾ ತಪ್ಪು ಹೇಳೀನಿ ಅಂತ ಹೇಳಾಕ ಆಗತೈತೇನು ಬಾಬಾ? ಅವು ನಗತಾವು."

"ನಗಲಿ. ನಕ್ಕು ಕೇಳಿದ್ದನ್ನ ಹುಡುಗರು ಮರಿಯೂದಿಲ್ಲ."

ರವಿವಾರ ಗ್ಯಾಲರಿ ತೆರೆಯಿತು. ಗಾಜಿನ ಪೆಟ್ಟಿಗೆಯಲ್ಲಿ ಘೇಂಡಾಮೃಗದ ಬಣ್ಣದ ಫೋಟೋ ಇಟ್ಟಿದ್ದಾರೆ. ಗೋಡೆಯ ಅಕ್ಷರಗಳು ಹಾಗೇ ಇವೆ. ವಿಡಿಯೋ ಎರಡು ನಿಮಿಷ ಹತ್ತು ಸೆಕೆಂಡಿನದು. ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ನಡೆಯುತ್ತದೆ. ಸೋಮವಾರ ರಜೆ, ಉಳಿದ ದಿನ ಪ್ರವೇಶ ಎಲ್ಲರಿಗೂ ಮುಕ್ತ.

ಮಂಗಳವಾರ ಒಂಬತ್ತೂವರೆಗೆ ಮುಗ್ಧಾಳ ಒಂಬತ್ತನೆಯ ತರಗತಿಯ ನಲವತ್ತೊಂದು ಮಕ್ಕಳು ಅಲ್ಲಿಗೆ ಹೋಗುತ್ತಾರೆ. ಪೋತದಾರರು ಎಂಟು ಹತ್ತರ ಬಸ್ಸು ಹಿಡಿಯಲಿದ್ದಾರೆ. ಘೇಂಡಾಮೃಗವನ್ನೂ, ಕೆಟ್ಟ ಎರಡು ತಗಡುಗಳನ್ನೂ ಒಯ್ಯುತ್ತಾರೆ. ಅಂದು ಮಧ್ಯಾಹ್ನದವರೆಗೆ ಅಂಗಡಿ ಮುಚ್ಚಿರುತ್ತದೆ.